ತಂಬೂರಿಗೂ ಗಿಟಾರಿಗೂ ಒಂದೇ ಕಿವಿಯೆ?

ಈಗಿನ ಕಾಲದಲ್ಲಿ ಧ್ವನಿವರ್ಧಕವಿಲ್ಲದೆ ಸಭೆಯೂ ಇಲ್ಲ, ಸಮಾರಂಭವೂ ಇಲ್ಲ. ಗಣೇಶನ ಚಪ್ಪರವಾಗಲಿ, ಕಾಲೇಜಿನ ವಾರ್ಷಿಕೋತ್ಸವವಾಗಲಿ, ಹರಕೆ ಹೊತ್ತವರ ಮನೆಯಂಗಳದಲ್ಲಿ ನಡೆಯುವ ರಾತ್ರಿಯ ಕಥೆಯಾಗಲಿ, ಎಲ್ಲರಿಗಿಂತ ಮೊದಲು ಬರುವವರು ಮೈಕ್‌ಸೆಟ್ಟಿನವರು; ಎಲ್ಲರೂ ಹೋದಮೇಲೆ ಹೊರಡುವವರೂ ಅವರೇ. ದನಿಯನ್ನು ದೊಡ್ಡದು ಮಾಡುವುದೇನೋ ಸುಲಭವಾಯಿತು. ಆದರೆ ಯಾವ ದನಿ ದೊಡ್ಡದಾಗುತ್ತಿದೆ, ಯಾವುದು ಮುಚ್ಚಿಹೋಗುತ್ತಿದೆ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ನನಗೂ ಅದು ತಿಳಿದದ್ದು ಎರಡು ಪ್ರಸಂಗಗಳಿಂದ.

ಮೊದಲನೆಯದು ನಮ್ಮ ಕಾಲೇಜಿನ ವಾರ್ಷಿಕೋತ್ಸವದ್ದು. ಮಿತ್ರನೊಬ್ಬ ಗಿಟಾರು ಹಿಡಿದು ಹಾಡಲು ನಿಂತ. ಬಾಯ ಮುಂದೊಂದು ಮೈಕು, ಗಿಟಾರಿನ ಮುಂದೊಂದು ಮೈಕು. ಅವನು ಬಾಯಿ ತೆರೆಯುವ ಮೊದಲೇ ಸ್ಪೀಕರು ‘ಕುಂಯ್’ ಎಂದು ಕೂಗಿಕೊಂಡಿತು. ಮೈಕ್‌ಸೆಟ್ಟಿನವನು ಗಿಟಾರಿನ ಮೈಕನ್ನು ತಗ್ಗಿಸಿದ. ಕೂಗು ನಿಂತಿತು, ಅದರೊಡನೆ ಗಿಟಾರೂ ನಿಂತಿತು. ಹಾಡು ಮುಗಿಯುವವರೆಗೂ ಅವನ ಬೆರಳುಗಳು ಆಡುವುದು ನಮಗೆ ಕಾಣುತ್ತಿತ್ತೇ ಹೊರತು ತಂತಿಯ ನಾದ ಮೂರನೆಯ ಸಾಲಿಗೂ ಬರಲಿಲ್ಲ.

ಎರಡನೆಯದು ಗುಂಡ್ಲುಪೇಟೆಯ ಕಡೆ ನಮ್ಮ ನೆಂಟರ ಊರಿನಲ್ಲಿ ನಡೆದದ್ದು. ಅಲ್ಲಿ ಒಂದು ರಾತ್ರಿ ನೀಲಗಾರರ ಕಥೆಯಿತ್ತು. ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯವರ ಕಥೆಯನ್ನು ಬೆಳಗಿನವರೆಗೆ ಹಾಡುವ ಈ ಗಾಯಕರನ್ನು ನಮ್ಮ ಕಡೆಯವರು ‘ತಂಬೂರಿಯವರು’ ಎಂದೇ ಕರೆಯುತ್ತಾರೆ. ಅವರು ಹಾಡುವುದಕ್ಕೆ ‘ತಂಬೂರಿ ಕಥೆ’ ಎಂದೇ ಹೆಸರು. ಮುಖ್ಯ ಗಾಯಕನ ಹೆಗಲಿಗೆ ತಂಬೂರಿ, ಕೈಯಲ್ಲಿ ಗಗ್ಗರ. ಹಿಮ್ಮೇಳದವರಲ್ಲಿ ದಮ್ಮಡಿ ಮತ್ತು ತಾಳ. ಅಂದು ಗಾಯಕರ ಕಂಠ ಊರಾಚೆಯ ಹೊಲದವರೆಗೂ ಕೇಳುತ್ತಿತ್ತು. ತಾಳದ ದನಿಯಂತೂ ಕಿವಿಯನ್ನು ಇರಿಯುತ್ತಿತ್ತು. ಆದರೆ ಯಾವ ವಾದ್ಯದಿಂದ ಆ ಕಥೆಗೆ ಹೆಸರು ಬಂದಿತೋ ಆ ತಂಬೂರಿ ಮಾತ್ರ ಎಲ್ಲಿಯೂ ಕೇಳಲಿಲ್ಲ. ಕಥೆಯ ನಡುವೆ ಕಾಫಿಗೆಂದು ಬಿಡುವು ಕೊಟ್ಟಾಗ ಹಿರಿಯ ಗಾಯಕರ ಬಳಿಗೆ ಹೋಗಿ, “ತಾತ, ತಂಬೂರಿ ಕೇಳಿಸಲೇ ಇಲ್ಲವಲ್ಲ?” ಎಂದೆ. ಅವರು ನಕ್ಕು, “ನನ್ನ ಕಿವಿಗ ಕೇಳ್ತದ ಕನಪ್ಪ, ಕುಂತೋರ್ಗ ಕೇಳದಿಲ್ಲ. ದೇವ್ರದು ಅಂತ ಹಿಡ್ದಿರದು ಅಷ್ಟೆ” ಎಂದರು.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಇಂದು ಇಂತಹ ಕಥೆಗಳನ್ನು ಹುಡುಗರು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳುತ್ತಾರೆ. ಅವರ ಮೊಬೈಲಿಗೆ ಸಿಕ್ಕುವುದು ಸ್ಪೀಕರಿನಿಂದ ಬಂದ ದನಿ. ಸ್ಪೀಕರಿನಲ್ಲಿ ಇಲ್ಲದ್ದು ಅದರಲ್ಲಿಯೂ ಇಲ್ಲ. ಮುಂದೆ ಯಾರಾದರೂ ಅದನ್ನು ಕೇಳಿದರೆ ತಂಬೂರಿಯಿಲ್ಲದ ತಂಬೂರಿ ಕಥೆಯನ್ನು ಕೇಳಬೇಕಾಗುತ್ತದೆ. ಕೇಳದ ವಾದ್ಯವನ್ನು ಮುಂದಿನವನು ಏಕೆ ಹೊರುತ್ತಾನೆ? ಗುಂಡಿ ಒತ್ತಿದರೆ ಶ್ರುತಿ ಕೊಡುವ ಪೆಟ್ಟಿಗೆ ಪೇಟೆಯಲ್ಲಿ ಸಿಕ್ಕುತ್ತದೆ. ಆದುದರಿಂದ ಮರದ ವಾದ್ಯವೊಂದರ ದನಿಯನ್ನು ಧ್ವನಿವರ್ಧಕಕ್ಕೆ ಒಪ್ಪಿಸುವ ಬಗೆ ಯಾವುದು ಎಂಬ ಪ್ರಶ್ನೆ ಕೇವಲ ಯಂತ್ರದ ಪ್ರಶ್ನೆಯಲ್ಲ. ಈ ಕೆಲಸಕ್ಕೆ ಬಳಸುವ ಸಾಧನಕ್ಕೆ ಪಿಕಪ್ಪು ಎಂದು ಹೆಸರು. ಗಿಟಾರಿಗಾಗಿ ಅದರಲ್ಲಿ ನಾನಾ ಬಗೆಗಳು ಹುಟ್ಟಿಕೊಂಡಿವೆ. ಅವುಗಳಲ್ಲಿ ಗಿಟಾರಿಗೆ ಯಾವುದು ಹೊಂದುತ್ತದೆ, ನಮ್ಮ ತಂಬೂರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ತಂತಿವಾದ್ಯದ ನಾದ ಎಲ್ಲಿಂದ ಬರುತ್ತದೆ ಎಂಬುದು ತಿಳಿದಿರಬೇಕು. ತಂತಿಯೇ ನಾದ ಮಾಡುತ್ತದೆಂದು ನಾವು ತಿಳಿಯುತ್ತೇವೆ. ಆದರೆ ತಂತಿ ಬಹಳ ತೆಳು; ಅದು ಅಲುಗಿದಾಗ ಗಾಳಿ ಅದರ ಎರಡು ಪಕ್ಕದಲ್ಲೂ ಜಾರಿಹೋಗುತ್ತದೆ. ಎರಡು ಮೊಳೆಗಳ ನಡುವೆ ಬಿಗಿದ ತಂತಿಯನ್ನು ಮೀಟಿ ನೋಡಿದರೆ ಅದರ ದನಿ ಎಷ್ಟು ಬಡವೆಂಬುದು ಗೊತ್ತಾಗುತ್ತದೆ. ತಂತಿಯ ಕಂಪನ ಕುದುರೆಯ ಮೂಲಕ ಹಲಗೆಗೆ ಇಳಿಯುತ್ತದೆ. ಹಲಗೆ ತನ್ನ ಅಗಲಕ್ಕೂ ಗಾಳಿಯನ್ನು ದೂಡುತ್ತದೆ. ಒಳಗಿನ ಪೊಳ್ಳಿನ ಗಾಳಿಯೂ ಅದರೊಡನೆ ಉಸಿರಾಡುತ್ತದೆ. ಗಿಟಾರಿನ ಆರು ತಂತಿಗಳಲ್ಲಿ ಅತಿ ದಪ್ಪನಾದದ್ದು ಸೆಕೆಂಡಿಗೆ ಸುಮಾರು 82 ಸಲ, ಅತಿ ತೆಳುವಾದದ್ದು ಸುಮಾರು 330 ಸಲ ಕಂಪಿಸುತ್ತದೆ. ಸಾಮಾನ್ಯ ಗಿಟಾರಿನ ಪೊಳ್ಳಿನ ಗಾಳಿ 100ರ ಆಸುಪಾಸಿನಲ್ಲಿಯೂ ಮೇಲಿನ ಹಲಗೆ 200ರ ಆಸುಪಾಸಿನಲ್ಲಿಯೂ ಸುಲಭವಾಗಿ ಅನುರಣನಗೊಳ್ಳುತ್ತವೆ. ಈ ಎರಡು ಸಂಖ್ಯೆಗಳನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತವೆ.

ಹೀಗೆ ನಾದವು ತಂತಿ, ಕುದುರೆ, ಹಲಗೆ, ಗಾಳಿ ಎಂಬ ದಾರಿಯಲ್ಲಿ ಸಾಗುತ್ತದೆಯಷ್ಟೆ. ಆ ದಾರಿಯ ಯಾವ ಜಾಗದಲ್ಲಿ ನಾವು ಕಿವಿಯಿಡುತ್ತೇವೆಯೋ ಆ ಜಾಗದ ನಾದವೇ ಸ್ಪೀಕರಿಗೆ ಹೋಗುತ್ತದೆ. ಪಿಕಪ್ಪಿನ ಆಯ್ಕೆಯ ತಿರುಳೆಲ್ಲ ಈ ಒಂದು ಮಾತಿನಲ್ಲಿದೆ ಎಂದರೆ ತಪ್ಪಾಗಲಾರದು.

ದಾರಿಯ ಕೊನೆಯಲ್ಲಿ ಗಾಳಿಗೆ ಕಿವಿಯಿಡುವುದು ಮೈಕು. ಕೇಳುವವನ ಕಿವಿಗೆ ಬರುವ ನಾದವೇ ಅದಕ್ಕೂ ಬರುವುದರಿಂದ ಸಹಜತೆಯಲ್ಲಿ ಅದನ್ನು ಮೀರಿಸುವುದು ಬೇರೊಂದಿಲ್ಲ. ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಆಕಾಶವಾಣಿಯನ್ನು ಆರಂಭಿಸಿದಂದಿನಿಂದ ಇಂದಿನವರೆಗೂ ರೇಡಿಯೋದವರು ವೀಣೆಯ ಮುಂದೆ, ತಂಬೂರಿಯ ಮುಂದೆ ಮೈಕನ್ನೇ ಇಡುತ್ತಾರೆ. ಅವರಿಗೆ ಕೂಗಿನ ಕಾಟವಿಲ್ಲ. ಏಕೆಂದರೆ ಹಾಡುವ ಕೋಣೆಯಲ್ಲಿ ಸ್ಪೀಕರು ಮೊಳಗುವುದಿಲ್ಲ. ಅದು ಮೊಳಗುವುದು ಕೇಳುವವರ ಮನೆಯಲ್ಲಿ. ನಮ್ಮ ವೇದಿಕೆಯಲ್ಲಾದರೋ ಮೈಕಿಗೂ ಸ್ಪೀಕರಿಗೂ ಹತ್ತಾರು ಅಡಿಯ ಅಂತರ ಮಾತ್ರ. ಮೈಕು ಕೇಳಿದ್ದನ್ನು ಸ್ಪೀಕರು ನುಡಿಯುತ್ತದೆ. ಸ್ಪೀಕರು ನುಡಿದದ್ದನ್ನು ಮೈಕು ಮತ್ತೆ ಕೇಳುತ್ತದೆ. ಸುತ್ತಿ ಬಂದ ದನಿ ಮೊದಲಿನ ದನಿಗಿಂತ ಬಲವಾಗಿದ್ದರೆ ಕ್ಷಣಮಾತ್ರದಲ್ಲಿ ಬೆಳೆದು ಕೂಗಾಗುತ್ತದೆ. ಇದನ್ನು ಅಭ್ಯಾಸಮಾಡಿದ ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ನನ ಹೆಸರಿನಿಂದ ಇದಕ್ಕೆ ಲಾರ್ಸೆನ್ ಪರಿಣಾಮವೆಂದು ಹೆಸರು. ವ್ಯವಹಾರದಲ್ಲಿ ಫೀಡ್‌ಬ್ಯಾಕ್ ಎನ್ನುತ್ತಾರೆ. ಬಾಯಿ ಮೈಕಿಗೆ ನಾಲ್ಕು ಬೆರಳಿನಷ್ಟು ಹತ್ತಿರವಿರಬಲ್ಲದು. ಗಿಟಾರಿನ ಮುಂದಿನ ಮೈಕನ್ನು ಒಂದು ಗೇಣಾದರೂ ದೂರ ಇಡಬೇಕು. ದೂರ ಎರಡರಷ್ಟಾದಂತೆಲ್ಲ ನಾದ 6 ಡೆಸಿಬೆಲ್ ಕುಗ್ಗುತ್ತದೆ. ಕುಗ್ಗಿದ್ದನ್ನು ತುಂಬಲು ಗುಂಡಿ ತಿರುಗಿಸಿದರೆ ಕೂಗು ಬರುತ್ತದೆ. ಇಷ್ಟಲ್ಲದೆ, ತೆರೆದಿಟ್ಟ ಮೈಕುಗಳ ಸಂಖ್ಯೆ ಎರಡರಷ್ಟಾದಾಗಲೆಲ್ಲ ಕೂಗಿಲ್ಲದೆ ಏರಿಸಬಹುದಾದ ಮಟ್ಟ 3 ಡೆಸಿಬೆಲ್‌ನಷ್ಟು ತಗ್ಗುತ್ತದೆ. ನಮ್ಮ ಮಿತ್ರನ ಗಿಟಾರು ಮೂಕವಾದದ್ದು ಈ ಲೆಕ್ಕದಿಂದ.

ದಾರಿಯ ಮೊದಲಲ್ಲಿ ತಂತಿಗೇ ಕಿವಿಯಿಡುವುದು ಅಯಸ್ಕಾಂತದ ಪಿಕಪ್ಪು. ಅಯಸ್ಕಾಂತಕ್ಕೆ ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ತ್ವವೇ ಇದು. ಅಮೆರಿಕದ ಜಾರ್ಜ್ ಬೋಶಾಂಪ್ ಎಂಬ ಗಿಟಾರು ವಾದಕ ಇದನ್ನು ಗಿಟಾರಿಗೆ ಅಳವಡಿಸಿ 1937ರಲ್ಲಿ ಹಕ್ಕುಪತ್ರ ಪಡೆದ. ಮರದ ಗಿಟಾರಿನ ನಡುವಿನ ದುಂಡು ಕಿಂಡಿಗೆ ಅಡ್ಡಲಾಗಿ ಸಿಕ್ಕಿಸುವ ಇಂತಹ ಪಿಕಪ್ಪುಗಳು ದೊರೆಯುತ್ತವೆ. ತೂತು ಕೊರೆಯಬೇಕಾದುದಿಲ್ಲ, ಬೇಡವೆಂದರೆ ತೆಗೆದಿಡಬಹುದು. ಗಾಳಿಯ ದನಿಗೆ ಇದು ಬಹುಮಟ್ಟಿಗೆ ಕಿವುಡಾದುದರಿಂದ ಕೂಗು ಕಡಮೆ. ಆದರೆ ಹಲಗೆಯ ದನಿಗೂ ಇದು ಬಹುಮಟ್ಟಿಗೆ ಕಿವುಡೇ. ತಂತಿಯ ನಾದ ಬರುತ್ತದೆ, ಮರದ ನಾದ ಬರುವುದಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಒಳ್ಳೆಯ ಮರದ ಗಿಟಾರು ತಂದವನಿಗೆ ಅದು ವಿದ್ಯುತ್ ಗಿಟಾರಿನಂತೆ ಕೇಳುತ್ತದೆ. ಮತ್ತೊಂದು ಮಾತು: ಇದಕ್ಕೆ ಉಕ್ಕೋ ನಿಕ್ಕಲ್ಲೋ ಬೇಕು. ನೈಲಾನ್ ತಂತಿ ಇದ್ದರೆ ಇದು ಏನೂ ಕೇಳುವುದಿಲ್ಲ. ಹಿತ್ತಾಳೆಯ ತಂತಿ ಇದ್ದರೂ ಹಾಗೆಯೇ. ಗಿಟಾರಿನ ದಪ್ಪ ತಂತಿಗಳ ಮೇಲೆ ಕಂಚು ಸುತ್ತಿದ್ದರೂ ಒಳಗೆ ಉಕ್ಕಿನ ಎಳೆ ಇರುವುದರಿಂದ ಕೆಲಸ ನಡೆಯುತ್ತದೆ.

ಇವೆರಡರ ನಡುವೆ, ಕುದುರೆಗೋ ಹಲಗೆಗೋ ಕಿವಿಯಿಡುವುದು ಮೂರನೆಯ ಬಗೆ. ಕೆಲವು ಸ್ಫಟಿಕಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಪಿಯರಿ ಕ್ಯೂರಿ ಮತ್ತು ಅವನ ಅಣ್ಣ ಜಾಕ್ ಕ್ಯೂರಿ 1880ರಲ್ಲಿ ತೋರಿಸಿಕೊಟ್ಟರು. ಇದಕ್ಕೆ ಪೀಜೋ ವಿದ್ಯುತ್ತು ಎಂದು ಹೆಸರು. ಗ್ಯಾಸಿನ ಒಲೆ ಹೊತ್ತಿಸುವ ಲೈಟರಿನಲ್ಲಿ ‘ಟಕ್’ ಎಂದು ಕಿಡಿ ಹಾರಿಸುವುದೂ ಇದೇ. ಇಂದು ಸ್ಫಟಿಕದ ಬದಲು ಪಿಂಗಾಣಿಯಂತಹ ವಸ್ತುವನ್ನು ಹಿತ್ತಾಳೆಯ ಬಿಲ್ಲೆಗೆ ಅಂಟಿಸಿ ಮಾರುತ್ತಾರೆ; ಬಿಲ್ಲೆಯೊಂದಕ್ಕೆ ಒಂದು ಊಟದ ಬೆಲೆಯೂ ಇಲ್ಲ. ಗಿಟಾರಿನಲ್ಲಿ ಇದನ್ನು ಎರಡು ಕಡೆ ಇಡುವುದುಂಟು. ಕುದುರೆಯ ಮೇಲೆ ತಂತಿಗಳನ್ನು ಹೊರುವ ಎಲುಬಿನ ಪಟ್ಟಿಯ ಕೆಳಗೆ ತೆಳುವಾದ ಕಡ್ಡಿಯಂತಹ ಪೀಜೋವನ್ನು ಹಾಕುವುದು ಒಂದು. ಕಾರ್ಖಾನೆಯಿಂದಲೇ ಪಿಕಪ್ಪು ಹಾಕಿಸಿ ಬರುವ ಗಿಟಾರುಗಳಲ್ಲಿ ಬಹುಪಾಲು ಇದೇ. ಹಲಗೆಯ ಒಳಮೈಗೆ ಬಿಲ್ಲೆಗಳನ್ನು ಅಂಟಿಸುವುದು ಇನ್ನೊಂದು. ಮೊದಲನೆಯದು ತಂತಿಯ ಒತ್ತಡವನ್ನೇ ನೇರವಾಗಿ ಕೇಳುವುದರಿಂದ ಸ್ಪಷ್ಟವಾಗಿರುತ್ತದೆ, ಕೂಗೂ ಕಡಮೆ. ಆದರೆ ಜೋರಾಗಿ ಬಾರಿಸಿದರೆ ದನಿ ಬಾತುಕೋಳಿಯ ಕೊರಳಿನಂತೆ ಒಡೆಯುತ್ತದೆ. ಪಟ್ಟಿಯ ಕೆಳಗಿನ ಜಾಗ ಸಮತಟ್ಟಾಗಿಲ್ಲದಿದ್ದರೆ ಒಂದು ತಂತಿ ಅಬ್ಬರಿಸಿ ಇನ್ನೊಂದು ಪಿಸುಗುಟ್ಟುತ್ತದೆ. ಎರಡನೆಯದು ಮರದ ನಾದವನ್ನು ಹೆಚ್ಚಾಗಿ ತರುತ್ತದೆ. ಆದರೆ ಹಲಗೆಗೆ ಬೆರಳು ತಾಗಿದರೂ, ಅಂಗಿಯ ಗುಂಡಿ ತಾಗಿದರೂ ಅದನ್ನೆಲ್ಲ ವರದಿ ಮಾಡುತ್ತದೆ. ಮೈಕಿನಷ್ಟಲ್ಲದಿದ್ದರೂ ಕೂಗೂ ಇದೆ. ಸ್ಪೀಕರಿನ ದನಿ ಹಲಗೆಯನ್ನು ನಡುಗಿಸಿದರೆ ಬಿಲ್ಲೆ ಅದನ್ನು ಕೇಳದೆ ಬಿಡುವುದಿಲ್ಲ. ಆ ಕೂಗು ಮೊದಲು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಹಿಂದೆ ಹೇಳಿದ 100 ಅಥವಾ 200ರ ಸುತ್ತ. ಆ ಒಂದು ಜಾಗವನ್ನಷ್ಟೇ ತಗ್ಗಿಸಿದರೆ ಉಳಿದದ್ದನ್ನು ಏರಿಸಬಹುದು. ಗಿಟಾರಿನ ಕಿಂಡಿಗೆ ರಬ್ಬರಿನ ಮುಚ್ಚಳ ಹಾಕುವುದೂ ಇದಕ್ಕಾಗಿಯೇ.

ಪೀಜೋ ಬಿಲ್ಲೆ ಇಷ್ಟು ಅಗ್ಗವೆಂದ ಮೇಲೆ ಅದಕ್ಕೊಂದು ವಯರು ಬೆಸೆದು ನೇರವಾಗಿ ಮಿಕ್ಸರಿಗೆ ಚುಚ್ಚಿದರೆ ಸಾಲದೆ? ನಾನೂ ಹಾಗೆಯೇ ಮಾಡಿದೆ. ಬಂದದ್ದು ಡಬ್ಬಿಯೊಳಗೆ ಕಲ್ಲು ಅಲ್ಲಾಡಿಸಿದಂತಹ ದನಿ. ಕಾರಣವನ್ನು ಆಮೇಲೆ ತಿಳಿದುಕೊಂಡೆ. ಬಿಲ್ಲೆ ಹುಟ್ಟಿಸುವ ವಿದ್ಯುದಂಶ ಬಹು ಸ್ವಲ್ಪ. ಅದನ್ನು ಮಡಕೆಯಲ್ಲಿನ ನೀರೆಂದು ಭಾವಿಸೋಣ. ಮಿಕ್ಸರು ಆ ಮಡಕೆಯ ತೂತು. ತೂತು ದೊಡ್ಡದಾದರೆ ನೀರು ನಿಲ್ಲುವುದಿಲ್ಲ. ವೇಗವಾಗಿ ಬಂದುಹೋಗುವ ಕಂಪನಗಳು ನೀರು ಸೋರುವ ಮೊದಲೇ ತಮ್ಮ ಸುದ್ದಿ ಮುಟ್ಟಿಸುತ್ತವೆ. ನಿಧಾನವಾದ ಮಂದ್ರದ ಕಂಪನಗಳು ಸುದ್ದಿ ಮುಟ್ಟಿಸುವಷ್ಟರಲ್ಲಿ ನೀರು ಸೋರಿರುತ್ತದೆ. ಆದುದರಿಂದ ಮಂದ್ರವೆಲ್ಲ ಮಾಯವಾಗಿ ಕೀಚಲು ಉಳಿಯುತ್ತದೆ. ಲೆಕ್ಕ ಹಾಕಲಿಚ್ಛಿಸುವವರಿಗೆ: ಬಿಲ್ಲೆಯ ಧಾರಕತೆ 20 ನ್ಯಾನೋಫ್ಯಾರಡ್, ಮಿಕ್ಸರಿನ ಒಳರೋಧ 10,000 ಓಮ್ ಎಂದಿಟ್ಟುಕೊಂಡರೆ ಸುಮಾರು 800 ಆವೃತ್ತಿಗಿಂತ ಕೆಳಗಿನದೆಲ್ಲ ಸೋರತೊಡಗುತ್ತದೆ. ಒಂದೂವರೆ ಮನೆ ಶ್ರುತಿಗೆ ಕೂಡಿಸಿದ ತಂತಿ ಸೆಕೆಂಡಿಗೆ ಸುಮಾರು 139 ಸಲ ಕಂಪಿಸುತ್ತದೆ. ಅದರ ಮೂಲನಾದದಲ್ಲಿ ಆರರಲ್ಲೊಂದು ಪಾಲು ಮಾತ್ರ ಉಳಿಯುತ್ತದೆ. ನಡುವೆ ಹತ್ತು ಲಕ್ಷ ಓಮ್ ರೋಧವುಳ್ಳ ಪ್ರೀಆಂಪ್ ಎಂಬ ಚಿಕ್ಕ ಪೆಟ್ಟಿಗೆಯನ್ನು ಇಟ್ಟರೆ ಆ 800 ಎಂಬುದು 8ಕ್ಕೆ ಇಳಿಯುತ್ತದೆ. ಮನುಷ್ಯನ ಕಿವಿ 20ರಿಂದ ಮೇಲಕ್ಕೆ ಕೇಳುವುದರಿಂದ ಏನೂ ನಷ್ಟವಾಗುವುದಿಲ್ಲ. ಗಿಟಾರಿನ ಕುದುರೆಯ ಕೆಳಗಿನ ಕಡ್ಡಿ ಪೀಜೋವಿನ ಧಾರಕತೆ ಇನ್ನೂ ಕಡಮೆ. ಅದಕ್ಕೆ ಐವತ್ತು ಲಕ್ಷದಿಂದ ಕೋಟಿ ಓಮ್‌ವರೆಗಿನ ಪ್ರೀಆಂಪ್ ಲೇಸು. ಪಿಕಪ್ಪು ಕೊಳ್ಳುವವರು ಬಿಲ್ಲೆಯ ಹೆಸರನ್ನು ವಿಚಾರಿಸುತ್ತಾರೆಯೇ ಹೊರತು ಪ್ರೀಆಂಪನ್ನು ಕುರಿತು ಕೇಳುವುದಿಲ್ಲ. ದುಡ್ಡು ಸ್ವಲ್ಪವೇ ಇದ್ದರೆ ಅದನ್ನು ಇದರ ಮೇಲೆ ಹಾಕುವುದು ಜಾಣತನ. ಬಿಲ್ಲೆಯಿಂದ ಪ್ರೀಆಂಪಿನವರೆಗಿನ ವಯರು ಮೊಳ ಎರಡು ಮೊಳದಷ್ಟಿರಲಿ. ಅಲ್ಲಿಂದ ಮಿಕ್ಸರು ದೂರವಿದ್ದರೆ ಡಿ.ಐ. ಬಾಕ್ಸ್ ಎಂಬುದನ್ನು ನಡುವೆ ಹಾಕಿ ಮೈಕಿನ ಕೇಬಲ್ಲಿನಲ್ಲಿ ಕಳುಹಿಸಬೇಕು. ಇಲ್ಲವಾದರೆ ಕರೆಂಟಿನ 50 ಆವೃತ್ತಿಯ ಗುಂಯ್‌ಗುಟ್ಟುವಿಕೆ ಸೇರಿಕೊಳ್ಳುತ್ತದೆ. ಗಿಟಾರಿನೊಳಗೇ ಪ್ರೀಆಂಪ್ ಇರುವವರು ನುಡಿಸಿದ ಮೇಲೆ ಜ್ಯಾಕನ್ನು ಕಿತ್ತಿಡಬೇಕು. ಸಾಮಾನ್ಯವಾಗಿ ಜ್ಯಾಕು ಚುಚ್ಚಿರುವಷ್ಟು ಹೊತ್ತೂ ಬ್ಯಾಟರಿ ಕರಗುತ್ತಲೇ ಇರುತ್ತದೆ.

ಇನ್ನು ಆಯ್ಕೆಯ ಮಾತು. ಗಿಟಾರಿನವನು ತನ್ನನ್ನು ತಾನು ಕೇಳಿಕೊಳ್ಳಬೇಕಾದದ್ದು ‘ಯಾವುದು ಒಳ್ಳೆಯದು?’ ಎಂದಲ್ಲ, ‘ನಾನು ನುಡಿಸುವುದು ಎಲ್ಲಿ, ಯಾರೊಡನೆ?’ ಎಂದು. ಒಬ್ಬನೇ ಕುಳಿತು ಸಣ್ಣ ಕೋಣೆಯಲ್ಲಿ ನುಡಿಸುವವನಿಗೆ, ಧ್ವನಿಮುದ್ರಣ ಮಾಡುವವನಿಗೆ ಮೈಕು ಸಾಕು, ಅದೇ ಉತ್ತಮ. ಡೋಲು, ಕೀಬೋರ್ಡುಗಳ ನಡುವೆ ಬಯಲಿನಲ್ಲಿ ನುಡಿಸುವವನಿಗೆ ಕುದುರೆಯ ಕೆಳಗಿನ ಪೀಜೋ ಅಥವಾ ಕಿಂಡಿಯ ಅಯಸ್ಕಾಂತ ಬೇಕು. ಅಷ್ಟು ಗಲಾಟೆಯಲ್ಲಿ ಮರದ ಸೂಕ್ಷ್ಮನಾದ ಹೇಗೂ ಕೇಳದು, ಕೂಗಿಲ್ಲದಿರುವುದೇ ಮುಖ್ಯ. ಸದ್ದಿಲ್ಲದ ಸಭಾಂಗಣದಲ್ಲಿ ಬೆರಳಿನಿಂದ ಮೀಟಿ ನುಡಿಸುವವನಿಗೆ ಹಲಗೆಯ ಬಿಲ್ಲೆ ಚೆನ್ನ. ಎರಡು ಬಗೆಗಳನ್ನು ಬೆರಸಿ ಕೊಡುವ ಸಾಧನಗಳೂ ಇವೆ. ಮಂದ್ರವನ್ನು ಒಂದರಿಂದ, ತಾರವನ್ನು ಇನ್ನೊಂದರಿಂದ ಪಡೆಯಬಹುದು. ನಮ್ಮ ಮಿತ್ರನ ಗಿಟಾರು ಎರವಲು ತಂದದ್ದು, ತೂತು ಕೊರೆಯುವಂತಿರಲಿಲ್ಲ. ಅವನಿಗೆ ಕಿಂಡಿಯ ಅಯಸ್ಕಾಂತವೇ ಸರಿಯೆಂದು ತೀರ್ಮಾನವಾಯಿತು.

ತಂಬೂರಿಗೆ ಈ ತೀರ್ಮಾನವನ್ನು ಹಾಗೆಯೇ ಒಯ್ದರೆ ನಡೆಯುವುದಿಲ್ಲ. ಗಿಟಾರಿನಲ್ಲಿ ರಾಗ ಬೇಕು, ಸ್ವರದ ಹಿಂದೆ ಸ್ವರ ಸ್ಪಷ್ಟವಾಗಿ ಬರಬೇಕು. ತಂಬೂರಿ ರಾಗ ನುಡಿಸುವ ವಾದ್ಯವಲ್ಲ; ಒಂದೇ ಶ್ರುತಿಯನ್ನು ಹಿಡಿದು ಅದರೊಳಗಿನ ಹಲವು ಸ್ವರಾಂಶಗಳನ್ನು ಅರಳಿಸುವ ವಾದ್ಯ. ಸರ್ ಸಿ. ವಿ. ರಾಮನ್ನರು 1921ರಲ್ಲಿ ವೀಣೆ ಮತ್ತು ತಂಬೂರಿಗಳನ್ನು ಕುರಿತು ಒಂದು ಲೇಖನವನ್ನು ಪ್ರಕಟಿಸಿದರು. ತಂತಿಯನ್ನು ಒಂದು ಜಾಗದಲ್ಲಿ ಮೀಟಿದರೆ, ಆ ಜಾಗದಲ್ಲಿ ನಿಶ್ಚಲವಾಗಿರಬೇಕಾದ ಸ್ವರಾಂಶ ಹುಟ್ಟಲಾಗದು ಎಂಬುದು ಹಳೆಯ ನಿಯಮ. ಆದರೆ ಸಂಗೀತ ಕಚೇರಿಯ ತಂಬೂರಿಯಲ್ಲಿ, ಬಾಗಿದ ಕುದುರೆಯ ಮೇಲೆ ತಂತಿಯಡಿಗೆ ದಾರವಿಟ್ಟು ಜೀವ ಕೂಡಿಸಿದಾಗ, ಆ ಸ್ವರಾಂಶವೂ ಬಲವಾಗಿ ಕೇಳುತ್ತದೆಂದು ರಾಮನ್ನರು ತೋರಿಸಿದರು. ತಂತಿಯು ಕುದುರೆಯ ಮೇಲೆ ತಾಗಿ ಬಿಟ್ಟು ತಾಗಿ ಬಿಟ್ಟು ಆಡುವುದರಿಂದ ಇದು ಆಗುತ್ತದೆ. ಎಂದರೆ ತಂಬೂರಿಯ ಸಂಪತ್ತು ಹುಟ್ಟುವುದು ಕುದುರೆಯಲ್ಲಿ, ಬೆಳೆಯುವುದು ಕೊಡದಲ್ಲಿ. ತಂತಿಯ ನಡುವೆ ಕಿವಿಯಿಡುವ ಅಯಸ್ಕಾಂತಕ್ಕೆ ಕೊಡದ ನಾದ ಸಿಕ್ಕುವುದಿಲ್ಲ. ಹಿತ್ತಾಳೆಯ ತಂತಿ ಕಟ್ಟಿದ್ದರೆ ಆ ತಂತಿಯಂತೂ ಅದಕ್ಕೆ ಕೇಳುವುದೇ ಇಲ್ಲ. ಮೈಕು ಇಟ್ಟರೆ ಪಕ್ಕದ ತಾಳ, ಗಗ್ಗರ, ದಮ್ಮಡಿಗಳು ಮೊದಲು ಒಳನುಗ್ಗುತ್ತವೆ. ಕಂಚಿನ ತಾಳದ ಮುಂದೆ ತಂಬೂರಿಯ ಮೆಲುದನಿಗೆ ಎಲ್ಲಿಯ ಜಾಗ? ಉಳಿದದ್ದು ಪೀಜೋ ಬಿಲ್ಲೆ.

ಇದಲ್ಲದೆ ಗಿಟಾರಿನ ವ್ಯಾಪಾರಿ ಎಂದೂ ಕೇಳಿರದ ಒಂದು ನಿಬಂಧನೆಯೂ ಇಲ್ಲಿದೆ. ನೀಲಗಾರರಿಗೆ ತಂಬೂರಿ ಪೂಜೆಗೊಳ್ಳುವ ವಸ್ತು. ಅದಕ್ಕೆ ತೂತು ಕೊರೆಯುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ. ಗಟ್ಟಿಯಾಗಿ ಕಚ್ಚುವ ಅಂಟನ್ನು ಬಳಿಯುವುದೂ ತರವಲ್ಲ. ಚಿಕ್ಕಲ್ಲೂರಿನ ಜಾತ್ರೆಗೆ ತಂಬೂರಿ ಹೊತ್ತು ನಡೆದವರ ಮುಂದೆ ಡ್ರಿಲ್ಲು ಹಿಡಿದು ನಿಲ್ಲುವ ಧೈರ್ಯ ಯಾರಿಗೂ ಬೇಡ. ನಾನು ಹೆದರುತ್ತಲೇ ನನ್ನ ಯೋಚನೆಯನ್ನು ಆ ಹಿರಿಯರಿಗೆ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಜೇನ್ಮ್ಯಾಣದಲ್ಲಿ ಅಂಟ್ಸು, ಅದ್ಕೇನು ಮೈಲ್ಗ ಇಲ್ಲ” ಎಂದು ತಾವೇ ದಾರಿ ತೋರಿಸಿದರು. ಮೇಣವೇ ಈ ಕೆಲಸಕ್ಕೆ ತಕ್ಕ ವಸ್ತು. ಬಿಲ್ಲೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ; ಬೇಡವೆಂದಾಗ ಉಗುರಿನಿಂದ ಎಬ್ಬಿಸಿದರೆ ಬಿಡುತ್ತದೆ.

ಒಂದು ಭಾನುವಾರ ಚಾಮರಾಜನಗರದಿಂದ ತೆರಕಣಾಂಬಿಯ ಮೇಲೆ ಹೋಗುವ ಬಸ್ಸು ಹಿಡಿದು, ನಾಲ್ಕು ಬಿಲ್ಲೆ, ಒಂದು ಪ್ರೀಆಂಪ್, ಉಂಡೆ ಮೇಣದೊಡನೆ ಅವರ ಮನೆಗೆ ಹೋದೆ. ಜಗಲಿಯ ಮೇಲೆಯೇ ಪ್ರಯೋಗ ನಡೆಯಿತು. ಕೊಡದ ಕೆಳತುದಿಗೆ ಅಂಟಿಸಿದಾಗ ಹಂಡೆಯೊಳಗೆ ಮಾತಾಡಿದಂತೆ ಗುಮ್ಮೆಂದಿತು. ದಂಡಿಗೆ ಅಂಟಿಸಿದಾಗ ತಂತಿಗಿಂತ ಹೆಗಲಿನ ಉಜ್ಜಾಟವೇ ಹೆಚ್ಚಾಯಿತು. ಕುದುರೆಗೇ ಅಂಟಿಸಿದಾಗ ತಂತಿ ಸ್ಪಷ್ಟವಾಯಿತು, ಆದರೆ ಒರಟಾಯಿತು. ಕೊನೆಗೆ ಕುದುರೆಯಿಂದ ಎರಡು ಬೆರಳಿನಷ್ಟು ದೂರದಲ್ಲಿ, ಹಲಗೆಯ ಮೇಲೆ ಅಂಟಿಸಿದಾಗ ಅವರು ತಲೆಯಾಡಿಸಿದರು. ನನ್ನ ಪುಸ್ತಕದ ವಿದ್ಯೆ ಅಲ್ಲಿಗೆ ಮುಗಿದಿತ್ತು. ಎರಡು ಬೆರಳೋ ಮೂರು ಬೆರಳೋ ಎಂಬುದನ್ನು ತೀರ್ಮಾನಿಸಿದ್ದು ಐವತ್ತು ವರ್ಷ ಆ ನಾದವನ್ನು ಕೇಳಿದ ಕಿವಿ. ಯಾವ ವಾದ್ಯಕ್ಕೇ ಆಗಲಿ ಬಿಲ್ಲೆಯ ಜಾಗವನ್ನು ಹೀಗೆಯೇ ಹುಡುಕಬೇಕು. ಅರ್ಧ ಅಂಗುಲ ಸರಿದರೂ ದನಿ ಬೇರೆಯಾಗುತ್ತದೆ. ಮೊದಲು ಮೇಣದಲ್ಲಿ ನೋಡಿ, ಒಪ್ಪಿದ ಮೇಲೆ ಗಿಟಾರಿನವರು ಬೇಕಾದರೆ ಒಳಮೈಗೆ ಶಾಶ್ವತವಾಗಿ ಅಂಟಿಸಬಹುದು.

ಮುಂದಿನ ಕಥೆಯ ರಾತ್ರಿ ಮೈಕ್‌ಸೆಟ್ಟಿನವರನ್ನು ಎರಡು ಮಾತು ಬೇಡಿಕೊಂಡೆವು. ಸ್ಪೀಕರುಗಳನ್ನು ಗಾಯಕರ ಹಿಂದೆ ಇಡದೆ ಮುಂದೆ ಇಟ್ಟು ಜನರ ಕಡೆ ತಿರುಗಿಸುವುದು ಒಂದು; ತಾಳದ ಮುಂದಿನ ಮೈಕನ್ನು ತೆಗೆದುಬಿಡುವುದು ಇನ್ನೊಂದು. ತಾಳಕ್ಕೆ ಮೈಕು ಬೇಕಾಗಿಯೇ ಇರಲಿಲ್ಲ. ಗಾಯಕರ ಮೈಕಿಗೇ ಅದು ಬೇಕಾದಷ್ಟು ಬೀಳುತ್ತಿತ್ತು. ಪ್ರೀಆಂಪನ್ನು ಹಿರಿಯರ ಸೊಂಟದ ಪಂಚೆಗೆ ಸಿಕ್ಕಿಸಿ, ವಯರನ್ನು ಹೆಗಲ ಬಟ್ಟೆಯಡಿ ಹಾಯಿಸಿದೆವು. ಅವರು ಮೊದಲ ಮೀಟು ಮೀಟಿದರು. ತಂಬೂರಿಯ ನಾದ ಬೀದಿಯ ಕೊನೆಯ ಮನೆಯವರೆಗೂ ಹೋಯಿತು. ಹಿರಿಯರು ಕೈ ನಿಲ್ಲಿಸಿದರು. ಏನೋ ತಪ್ಪಾಯಿತೆಂದು ನಾನು ಹತ್ತಿರ ಹೋದೆ. ಅವರು ಬಿರಡೆಯನ್ನು ತಿರುವುತ್ತ, “ಒಂದು ತಂತಿ ಇಳ್ದೋಗದ ಕನಪ್ಪ. ಇಷ್ಟ್ ದಿನ ನನಗೊಬ್ಬನ್ಗೇ ಗೊತ್ತಾಯ್ತಿತ್ತು, ಈಗ ಊರ್ಗೆಲ್ಲ ಗೊತ್ತಾಯ್ತದ” ಎಂದರು. ಹತ್ತು ನಿಮಿಷ ಶ್ರುತಿ ಮಾಡಿಕೊಂಡ ಮೇಲೆಯೇ ಕಥೆ ಆರಂಭವಾದದ್ದು. ಜನರೂ ಅಷ್ಟು ಹೊತ್ತು ಸುಮ್ಮನೆ ಕುಳಿತು ಶ್ರುತಿ ಕೂಡುವುದನ್ನು ಕೇಳಿದರು.

ಈ ಪ್ರಯೋಗದಲ್ಲಿ ಕೊರತೆಗಳಿಲ್ಲದಿಲ್ಲ. ನಡುರಾತ್ರಿಯ ತಂಪಿಗೆ ಮೇಣ ಗಟ್ಟಿಯಾಗಿ ಒಂದು ಸಲ ಬಿಲ್ಲೆ ಕಳಚಿತು. ಗಗ್ಗರ ಹಿಡಿದ ಕೈ ತಂಬೂರಿಗೆ ತಾಗಿದಾಗಲೆಲ್ಲ ‘ಟಕ್’ ಎಂಬ ಸದ್ದು ಬರುತ್ತಿತ್ತು. ಇವನ್ನು ಸರಿಪಡಿಸಬಹುದು. ಆದರೆ ಆ ರಾತ್ರಿ ಹುಡುಗರು ಮೊಬೈಲಿನಲ್ಲಿ ಹಿಡಿದುಕೊಂಡ ಕಥೆಯಲ್ಲಿ ಮೊದಲಿನಿಂದ ಕೊನೆಯವರೆಗೂ ತಂಬೂರಿ ಇದೆ.

ಕಾಲೇಜಿನಲ್ಲಿ ಗಿಟಾರು ಕಲಿಯುತ್ತಿರುವ ಮಿತ್ರರು ಹಲವರು ಪಿಕಪ್ಪನ್ನು ಕೊಳ್ಳುವ ಯೋಚನೆಯಲ್ಲಿದ್ದಾರೆ. ಅವರು ಅಂಗಡಿಗೆ ಹೋಗುವ ಮೊದಲು ತಂತಿ ಉಕ್ಕೋ ನೈಲಾನೋ, ನುಡಿಸುವುದು ಕೋಣೆಯಲ್ಲೋ ಬಯಲಿನಲ್ಲೋ, ವಾದ್ಯಕ್ಕೆ ತೂತು ಕೊರೆಯಬಹುದೋ ಬಾರದೋ, ಪ್ರೀಆಂಪಿನ ರೋಧವೆಷ್ಟು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು ಹೋಗಲಿ. ಮತ್ತು ತಮ್ಮ ಊರಿನಲ್ಲಿ ತಂಬೂರಿಯವರ ಕಥೆ ನಡೆದಾಗ ಒಂದು ಬಿಲ್ಲೆಯನ್ನೂ ಒಂದು ಉಂಡೆ ಮೇಣವನ್ನೂ ಜೇಬಿನಲ್ಲಿ ಹಾಕಿಕೊಂಡು, ತಮ್ಮ ಪ್ರೀಆಂಪನ್ನು ಒಂದು ರಾತ್ರಿಯ ಮಟ್ಟಿಗೆ ಎರವಲು ಕೊಡಲಿ ಎಂದು ಪ್ರಾರ್ಥಿಸುತ್ತೇನೆ.